‘ನಿರಾಶ್ರಿತರ ಪ್ರವಾಹ’ ಅಂದರೆ ತಪ್ಪೇನ್ರಿ?

ಮತ್ತೆ ಅದೇ ಪ್ರಶ್ನೆ ಬಂದಿದೆ. ‘ನಿರಾಶ್ರಿತರ ಪ್ರವಾಹ ಅಂತ ಬರೆದರೆ ತಪ್ಪೇನ್ರಿ? ಜನ ಜಾಸ್ತಿ ಬಂದರು ಅಂತ ಅರ್ಥ, ಬರೀ ಅಲಂಕಾರ ಅಲ್ವಾ?’ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಈ ಸಲ ಕೇಳಿದವರು ಬಾಗಲಕೋಟೆಯವರು. ಹೊಳೆ ನೋಡಿದವರೇ ಹಿಂಗ ಕೇಳಿದರೆ ಹೆಂಗ್ರಿ?

ಹೊಳೆ ಬಂದಾಗ ನಾವು ಏನು ಮಾಡುತ್ತೇವೆ? ಉಸುಕಿನ ಚೀಲ ಒಟ್ಟುತ್ತೇವೆ, ಒಡ್ಡು ಗಟ್ಟಿ ಇದೆಯಾ ನೋಡುತ್ತೇವೆ, ಮೇಲಿನ ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ವಿಚಾರಿಸುತ್ತೇವೆ. ‘ಊಟ ಆತೇನು’ ಅಂತ ಯಾರೂ ನೀರನ್ನು ಕೇಳುವುದಿಲ್ಲ. ಜನರನ್ನು ಪ್ರವಾಹ ಅಂದುಬಿಟ್ಟರೆ ಇದೆಲ್ಲ ಅದರ ಹಿಂದೆಯೇ ಬರುತ್ತದೆ. ಅವರು ಯಾಕೆ ಬಂದರು, ಒಳಗೆ ಬಿಡಬೇಕೋ ಬೇಡವೋ ಅನ್ನುವ ಮಾತು ಶುರುವಾಗುವ ಮುಂಚೆಯೇ ಒಡ್ಡು ಹಾಕುವುದೊಂದೇ ಕೆಲಸ ಅಂತ ಆಗಿರುತ್ತದೆ.

‘ನಾವೇನು ಪದಕ್ಕೆ ಮರುಳಾಗುವವರಲ್ಲ’ ಅನ್ನುತ್ತಾರೆ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಒಂದು ಊರಿನ ಅಪರಾಧದ ವರದಿಯನ್ನು ಎರಡು ರೀತಿ ಬರೆದು ಓದಿಸಿದರು. ಒಂದರಲ್ಲಿ ಅಪರಾಧ ಕಾಡುಮೃಗ, ಇನ್ನೊಂದರಲ್ಲಿ ವೈರಸ್. ಅಂಕಿಗಳು ಎರಡರಲ್ಲೂ ಅವೇ. ಇದಕ್ಕೆ ಪರಿಹಾರ ಏನು ಅಂತ ಕೇಳಿದಾಗ ಮೃಗ ಅಂತ ಓದಿದವರಲ್ಲಿ ಜಾಸ್ತಿ ಜನ ಪೊಲೀಸು, ಜೈಲು ಅಂದರು. ಯಾಕೆ ಹಾಗಂದಿರಿ ಅಂತ ಕೇಳಿದರೆ ಬಹುತೇಕರು ತೋರಿಸಿದ್ದು ಅಂಕಿಗಳನ್ನು! ಮುಂದೆ ಬೇರೆಯವರು ಮಾಡಿ ನೋಡಿದಾಗ ಫಲಿತಾಂಶ ಇಷ್ಟು ಜೋರಾಗಿ ಬರಲಿಲ್ಲ, ಅದೂ ನಿಜ. ಆದರೆ ‘ನನಗೆ ಪದ ತಾಗಲಿಲ್ಲ’ ಅನ್ನುವ ಮಾತನ್ನು ನಾನಂತೂ ನಂಬುವುದು ಬಿಟ್ಟಿದ್ದೇನೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ‘ನಿರಾಶ್ರಿತ’ ಅನ್ನುವ ಪದವೂ ಅಷ್ಟು ಸರಿಯಿಲ್ಲ. 1951ರ ವಿಶ್ವಸಂಸ್ಥೆಯ ಒಪ್ಪಂದ (ಭಾರತ ಅದಕ್ಕೆ ಸಹಿ ಹಾಕಿಲ್ಲ) ಹೇಳುವುದು ಜನಾಂಗ, ಧರ್ಮ, ರಾಜಕೀಯದಂಥ ಕಾರಣಕ್ಕೆ ಕಿರುಕುಳದ ಭಯದಿಂದ ದೇಶ ಬಿಟ್ಟವರ ಬಗ್ಗೆ. ನಮ್ಮ ಪದ ಬರೀ ನೆಲೆ ಇಲ್ಲದವರು ಅನ್ನುತ್ತದೆ. ಭಿಕ್ಷುಕರನ್ನು ಇಡುವ ಜಾಗಕ್ಕೂ ನಮ್ಮಲ್ಲಿ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂತಲೇ ಹೆಸರು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಬಂದಾಗ ಬಾದಾಮಿ ತಾಲೂಕಿನ ಒಂದು ಶಾಲೆಯ ಗಂಜಿ ಕೇಂದ್ರಕ್ಕೆ ಹೋಗಿದ್ದೆ. ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಉಡಿಯಲ್ಲಿಟ್ಟುಕೊಂಡು ಒಬ್ಬ ಆಯಿ ಕೂತಿದ್ದರು. ಮೈಕು ಹಿಡಿದ ಹುಡುಗ ‘ನಿರಾಶ್ರಿತರಾದ ಇವರು’ ಅಂತ ಶುರುಮಾಡಿದ. ಆಯಿ ತಲೆ ಎತ್ತಿದರು. ‘ನಾ ಯಾಕ ನಿರಾಶ್ರಿತಿ ಆಗ್ಲೋ ತಮ್ಮಾ? ನಮ್ಮ ಮನಿ ಅಲ್ಲೇ ಐತಿ. ನೀರು ಹೊಕ್ಕೈತಿ, ಅಷ್ಟ.’