ಕಾಡಿಗೆ ರೈಫಲ್ಲೋ ಪಿಸ್ತೂಲೋ? ಮೊದಲು ಇಡ್ಲಿಗೆ ಹೊಡೆದು ತೋರಿಸಿ

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಸಿಯಾಟಲ್‌ನಿಂದ ಹಳೆಯ ಶಿಷ್ಯನೊಬ್ಬ ಫೋನ್ ಮಾಡಿದ. ಜಯನಗರದ ಹುಡುಗ. ಕಾಲೇಜಿನಲ್ಲಿದ್ದಾಗ ಎರಡು ವರ್ಷ ನನ್ನ ಹತ್ತಿರ ರೈಫಲ್ ಕಲಿತಿದ್ದ. ಈಗ ಅಲ್ಲಿ ಸಾಫ್ಟ್‌ವೇರ್ ಕೆಲಸ. "ಸರ್, ಜುಲೈನಲ್ಲಿ ಅಲಾಸ್ಕಾಕ್ಕೆ ಹೋಗ್ತಿದೀವಿ. ಹತ್ತು ದಿನ, ಪೂರ್ತಿ ಕಾಡು. ದಾರಿ ತಪ್ಪಿದ್ರೆ ಬದುಕ್ಕೊಳ್ಳೋಕೆ ಅಂತ ಒಂದು ಟೂ-ಟೂ ತಗೋಬೇಕು. ರೈಫಲ್ಲಾ, ಪಿಸ್ತೂಲಾ?" ಟೂ-ಟೂ ಅಂದರೆ .22, ಅಂದರೆ 0.22 ಇಂಚು ಅಡ್ಡಳತೆಯ ಚಿಕ್ಕ ಗುಂಡು ಹಾರಿಸುವ ಬಂದೂಕು.

ಇದು ನನಗೆ ಹೊಸ ಪ್ರಶ್ನೆಯಲ್ಲ. ಬೆಂಗಳೂರಿನಲ್ಲಿ ಶೂಟಿಂಗ್ ಕಲಿಸುವವರನ್ನು ಕೇಳಿ ನೋಡಿ, ಹೊಸ ಬ್ಯಾಚಿನಲ್ಲಿ ಒಬ್ಬನಾದರೂ ಇದನ್ನು ಕೇಳಿರುತ್ತಾನೆ. ಕೇಳುವಾಗ ಅವನ ಕಣ್ಣು ಪಿಸ್ತೂಲಿನ ಮೇಲೇ ಇರುತ್ತದೆ. ಚಿಕ್ಕದು, ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು, ನೋಡಲೂ ಜೋರು. ನಾನು ವಾದ ಮಾಡಲು ಹೋಗುವುದಿಲ್ಲ. ಬಿಳಿ ರಟ್ಟಿನಲ್ಲಿ ಇಡ್ಲಿಯಷ್ಟು ದೊಡ್ಡ ಒಂದು ಬಿಲ್ಲೆ ಕತ್ತರಿಸಿ 25 ಮೀಟರ್ ದೂರದಲ್ಲಿ ನೇತುಹಾಕುತ್ತೇನೆ. ಕಾಡಿನಲ್ಲಿ ಹೊಟ್ಟೆಗಾಗಿ ಹೊಡೆಯುವುದು ಮೊಲ, ಅಳಿಲು, ಕಾಡುಕೋಳಿ ಜಾತಿಯ ಹಕ್ಕಿ. ಅವುಗಳಲ್ಲಿ ಗುಂಡು ಬೀಳಬೇಕಾದ ಜಾಗ ಒಂದು ಇಡ್ಲಿಗಿಂತ ದೊಡ್ಡದೇನಲ್ಲ. ಹದಿನೈದು ದಿನ ಕಲಿತ ಹುಡುಗ ಚೀಲದ ಮೇಲೆ ರೈಫಲ್ ಊರಿಕೊಂಡರೆ ಹತ್ತರಲ್ಲಿ ಏಳೆಂಟು ಗುಂಡು ಇಡ್ಲಿಗೆ ಬೀಳುತ್ತವೆ. ಅದೇ ಹುಡುಗನ ಕೈಗೆ ಪಿಸ್ತೂಲು ಕೊಟ್ಟರೆ ಒಂದೋ ಎರಡೋ. ಕೆಲವು ಸಲ ಸೊನ್ನೆ. ಹಾರಿದ್ದು ಎರಡರಿಂದಲೂ ಅದೇ ಡಬ್ಬಿಯ ಗುಂಡು.

ಕಾರಣ ಕೈನಡುಕ ಒಂದೇ ಅಲ್ಲ. ರೈಫಲ್ಲಿಗೆ ಭುಜ, ಕೆನ್ನೆ, ಎರಡು ಕೈ, ಇಷ್ಟೂ ಆಸರೆ. ಪಿಸ್ತೂಲಿಗೆ ಕೈ ಬಿಟ್ಟರೆ ಬೇರೆ ಗತಿಯಿಲ್ಲ. ಇನ್ನೊಂದು ಲೆಕ್ಕವೂ ಇದೆ. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿಗೂ (ಕಿಂಡಿ) ಮುಂದಿನ ಸೈಟಿಗೂ (ಮೊಳೆ) ನಡುವೆ ಸುಮಾರು 15 ಸೆಂ.ಮೀ. ಅಂತರ ಎಂದುಕೊಳ್ಳಿ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಆಚೀಚೆ ಆದರೆ 25 ಮೀಟರಿನಲ್ಲಿ ಗುಂಡು ಸುಮಾರು 17 ಸೆಂ.ಮೀ. ತಪ್ಪಿಹೋಗುತ್ತದೆ. ರೈಫಲ್ಲಿನಲ್ಲಿ ಆ ಅಂತರ 60 ಸೆಂ.ಮೀ. ಇದ್ದರೆ ಅಷ್ಟೇ ತಪ್ಪಿಗೆ ಗುಂಡು ಸರಿಯುವುದು ನಾಲ್ಕು ಸೆಂ.ಮೀ. ಮಾತ್ರ. ಒಂದರಲ್ಲಿ ತಟ್ಟೆಯೇ ತಪ್ಪಿತು, ಇನ್ನೊಂದರಲ್ಲಿ ಇಡ್ಲಿಯ ಅಂಚಾದರೂ ಸಿಕ್ಕಿತು.

ಇದು ಹೊಸಬರ ಕಥೆ, ಪಳಗಿದವರಿಗೆ ಹಾಗಾಗುವುದಿಲ್ಲ ಅನ್ನುವವರಿದ್ದಾರೆ. ಅವರಿಗೆ ನಾನು ಹೇಳುವುದು 50 ಮೀಟರ್ ಸ್ಪರ್ಧೆಯ ಮಾತು. ಅಲ್ಲಿ ರೈಫಲ್ಲಿಗೂ ಪಿಸ್ತೂಲಿಗೂ ದೂರ ಒಂದೇ, ಗುಂಡೂ ಅದೇ .22. ರೈಫಲ್ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿ.ಮೀ. ಪಿಸ್ತೂಲ್ ಹಲಗೆಯಲ್ಲಿ 50 ಮಿ.ಮೀ. ಅಂದರೆ ಸುಮಾರು ಐದು ಪಟ್ಟು. ಆದರೂ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಕ್ರಿಸ್ಟಿಯಾನ್ ಕ್ಲೀಸ್ ಮಲಗಿ ಹೊಡೆಯುವ ರೈಫಲ್ ಸ್ಪರ್ಧೆಯಲ್ಲಿ 600ಕ್ಕೆ 600 ತೆಗೆದರು. ದೊಡ್ಡ ವೃತ್ತದ ಪಿಸ್ತೂಲಿನಲ್ಲಿ ಕೊರಿಯಾದ ಜಿನ್ ಜಾಂಗ್-ಓ 2014ರಲ್ಲಿ ಮಾಡಿದ ವಿಶ್ವದಾಖಲೆ 600ಕ್ಕೆ 583. ಮಲಗಿ, ಪಟ್ಟಿ ಬಿಗಿದು ಹೊಡೆಯುವುದಕ್ಕೂ ನಿಂತು ಒಂದೇ ಕೈಯಲ್ಲಿ ಹೊಡೆಯುವುದಕ್ಕೂ ಹೋಲಿಕೆ ಅನ್ಯಾಯ ಅಂತೀರಾ? ಒಪ್ಪಿದೆ. ಆದರೆ ಹಸಿದವನು ಕಾಡಿನಲ್ಲಿ ಮಲಗಿ ಹೊಡೆಯಬಾರದು ಅಂತ ರೂಲ್ಸ್ ಏನೂ ಇಲ್ಲವಲ್ಲ. (ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋಗೆ ಹೋಗಿದ್ದು ಇದೇ 50 ಮೀಟರ್ ಪಿಸ್ತೂಲಿಗೆ. ಆಮೇಲೆ ಒಲಿಂಪಿಕ್ಸ್‌ನಿಂದ ಆ ಸ್ಪರ್ಧೆಯನ್ನೇ ತೆಗೆದರು. ನನಗೆ ಈಗಲೂ ಬೇಜಾರಿದೆ.)

ಗುಂಡಿನ ವಿಷಯಕ್ಕೆ ಬರೋಣ. ಈಗ ನಾವು ಬಳಸುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಬಂದದ್ದು. ಹೆಸರಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಇದೇ ಹಾಕುತ್ತಾರೆ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಉದ್ದ ನಳಿಗೆಯಲ್ಲಿ ಮದ್ದು ಪೂರ್ತಿ ಉರಿದು ತಳ್ಳಲು ಜಾಗ ಸಿಗುತ್ತದೆ. ವೇಗದ ತೋಟಾ ಆದರೆ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ನಾಲ್ಕಿಂಚಿನ ಪಿಸ್ತೂಲಿನಲ್ಲಿ ಅದೇ ತೋಟಾ 300ರ ಆಸುಪಾಸಿಗೆ ಇಳಿಯುತ್ತದೆ. ಶಕ್ತಿಯ ಲೆಕ್ಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಖೋತಾ. ನಮ್ಮಲ್ಲಿ ಲೈಸೆನ್ಸ್ ತೆಗೆದುಕೊಳ್ಳುವವರಿಗೆ .32 ರಿವಾಲ್ವರ್ ಅಂದರೆ ಬಹಳ ಗೌರವ. ಆದರೆ ರೈಫಲ್ಲಿನಿಂದ ಹೊರಟ .22 ಗುಂಡಿನ ಹೊಡೆತ ಅದಕ್ಕಿಂತ ಕಡಿಮೆಯದ್ದಲ್ಲ. ಇದನ್ನು ಹೇಳಿದಾಗ ಕೆಲವರ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ.

ಭಾರದ ದೃಷ್ಟಿಯಿಂದಲೂ .22 ಒಳ್ಳೆಯದೇ. ಐವತ್ತು ತೋಟಾದ ಡಬ್ಬಿ 170 ಗ್ರಾಂ ತೂಗಿದರೆ ಹೆಚ್ಚು. ಅಷ್ಟು ತೂಕಕ್ಕೆ 12 ಬೋರಿನ (ಚರೆ ಹಾರಿಸುವ ದೊಡ್ಡ ಕೋವಿಯ) ತೋಟಾ ಮೂರೋ ನಾಲ್ಕೋ ಬರುತ್ತವೆ. ಒಂದು ಕೊರತೆ ಹೇಳಲೇಬೇಕು. .22ರಲ್ಲಿ ಸಿಡಿಮದ್ದು ತೋಟಾದ ಅಂಚಿನೊಳಗೆ ಇರುತ್ತದೆ. ತಳದ ನಡುವೆ ಸಿಡಿಮದ್ದಿನ ಪುಟ್ಟ ಟೋಪಿ ಇರುವ ದೊಡ್ಡ ತೋಟಾಗಳಿಗಿಂತ ಇದು ಠುಸ್ ಅನ್ನುವುದು ಜಾಸ್ತಿ.

ಹಾಗಾದರೆ ಪಿಸ್ತೂಲು ದಂಡವಾ? ಇಲ್ಲ. ಅದರ ಗುಣ ಒಂದೇ, ಆದರೆ ದೊಡ್ಡದು. ಅದು ಯಾವಾಗಲೂ ಮೈಮೇಲಿರುತ್ತದೆ. ಹೊಳೆ ದಾಟುವಾಗ ಕಾಲು ಜಾರಿದರೆ ಚೀಲಕ್ಕೆ ಕಟ್ಟಿದ ರೈಫಲ್ ಚೀಲದ ಜೊತೆಗೇ ಹೋಗುತ್ತದೆ. ಸೊಂಟದ ಪಿಸ್ತೂಲು ನಿಮ್ಮ ಜೊತೆ ದಡ ಸೇರುತ್ತದೆ. ಎರಡೂ ಕೈಗೆ ಕೆಲಸ ಇರುವವರಿಗೆ, ಅಂದರೆ ಬಲೆ ನೋಡುವವರು, ದೋಣಿ ನಡೆಸುವವರು, ಅಂಥವರಿಗೆ ಇದೇ ಸರಿ. ಉತ್ತರ ಅಮೆರಿಕದಲ್ಲಿ ಬೋನು ಒಡ್ಡಿ ಪ್ರಾಣಿ ಹಿಡಿಯುವವರು .22 ಪಿಸ್ತೂಲು ಇಟ್ಟುಕೊಳ್ಳುತ್ತಾರೆ. ಅವರು ಹೊಡೆಯುವುದು ಬೋನಿಗೆ ಸಿಕ್ಕ ಪ್ರಾಣಿಗೆ, ಮಾರು ದೂರದಿಂದ. ನಿಜವಾಗಲೂ ಬಿಡದೆ ಅಭ್ಯಾಸ ಮಾಡಿದವನಾದರೆ ಪಿಸ್ತೂಲಿನಲ್ಲೂ ಹದಿನೈದು ಮೀಟರಿನ ಮೊಲ ಹೊಡೆದಾನು. ಅಂಥವರು ನನ್ನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಬೆರಳೆಣಿಕೆಯಷ್ಟು.

ಬದುಕುಳಿಯುವುದಕ್ಕೆಂದೇ ಬಂದೂಕು ಮಾಡಿದವರು ಏನು ಮಾಡಿದರು ನೋಡಿ. ಅಮೆರಿಕದಲ್ಲಿ ಯೂಜೀನ್ ಸ್ಟೋನರ್ ವಿನ್ಯಾಸ ಮಾಡಿದ ಎಆರ್-7 ಅನ್ನುವ .22 ರೈಫಲ್ ಇದೆ. ನಳಿಗೆ ಬಿಚ್ಚಿ, ಉಳಿದ ಭಾಗ ಬಿಚ್ಚಿ, ಎಲ್ಲವನ್ನೂ ಅದರ ಹಿಂದಿನ ಹಿಡಿಯೊಳಗೇ ತುಂಬಿ ಮುಚ್ಚಳ ಹಾಕಬಹುದು. ಮಡಚಿದರೆ ಮೊಳದಷ್ಟೂ ಇಲ್ಲ, ತೂಕ ಒಂದೂವರೆ ಕೆಜಿಗೆ ಸ್ವಲ್ಪ ಮೇಲೆ, ನೀರಿಗೆ ಬಿದ್ದರೆ ತೇಲುತ್ತದೆ. ರಷ್ಯನ್ನರದು ಇನ್ನೂ ಮಜಾ. 1965ರ ಮಾರ್ಚ್‌ನಲ್ಲಿ ವೊಸ್ಖೋದ್-2 ಅನ್ನುವ ಗಗನನೌಕೆಯಲ್ಲಿ ಹೋಗಿದ್ದ ಲಿಯೊನೊವ್, ಬೆಲ್ಯಾಯೆವ್ ಇಬ್ಬರೂ ಇಳಿಯಬೇಕಾದ ಜಾಗದಿಂದ ನೂರಾರು ಕಿಲೋಮೀಟರ್ ಆಚೆ, ಹಿಮ ತುಂಬಿದ ಕಾಡಿನಲ್ಲಿ ಇಳಿದು ಎರಡು ರಾತ್ರಿ ಕಳೆದರು. ಮುಂದೆ 1980ರ ದಶಕದಲ್ಲಿ ಗಗನಯಾತ್ರಿಗಳಿಗೆ ಟಿಪಿ-82 ಅನ್ನುವ ಮೂರು ನಳಿಗೆಯ ಪಿಸ್ತೂಲು ಕೊಟ್ಟರು. ಅದಕ್ಕೆ ಭುಜಕ್ಕೆ ಊರಿಕೊಳ್ಳುವ ಹಿಡಿಯನ್ನೂ ಇಟ್ಟರು. ಆ ಹಿಡಿಯೇ ಮಚ್ಚು ಕೂಡ. ಪಿಸ್ತೂಲು ಕೊಟ್ಟವರು ಕೊನೆಗೆ ಅದನ್ನು ರೈಫಲ್ಲಿನ ಹಾಗೆ ಹಿಡಿಯುವ ದಾರಿ ಮಾಡಿದರು ಅನ್ನುವುದನ್ನು ಗಮನಿಸಿ.

ಶಿಷ್ಯನಿಗೆ ಇಷ್ಟೆಲ್ಲ ಹೇಳಿದ ಮೇಲೆ, "ಹಾಗಾದ್ರೆ ರೈಫಲ್ಲೇ ಅಂತೀರಾ ಸರ್?" ಅಂದ.

"ಎರಡರಲ್ಲಿ ಒಂದು ಅಂದ್ರೆ ರೈಫಲ್ಲೇ ಕಣಪ್ಪಾ. ಆದ್ರೆ ನಿನಗೆ ಎರಡೂ ಬೇಡ" ಅಂದೆ.

ಯಾಕೆ ಅಂದರೆ, ಕಾಡಿನಲ್ಲಿ ದಾರಿ ತಪ್ಪಿದವರನ್ನು ಮೊದಲು ಕೊಲ್ಲುವುದು ಚಳಿ, ಆಮೇಲೆ ನೀರಿಲ್ಲದಿರುವುದು. ಹಸಿವಿನ ಸರದಿ ಬರಲು ವಾರಗಳೇ ಬೇಕು. ಬಂದೂಕಿನಿಂದ ಬಗೆಹರಿಯುವುದು ಆ ಕೊನೆಯದು ಮಾತ್ರ. ಅದೂ ಅರ್ಧಂಬರ್ಧ. ಅದೇ ಅಲಾಸ್ಕಾದಲ್ಲಿ 1992ರಲ್ಲಿ ಕ್ರಿಸ್ ಮೆಕ್ಯಾಂಡ್‌ಲೆಸ್ ಅನ್ನುವ 24 ವರ್ಷದ ಹುಡುಗ ಒಂದು .22 ರೈಫಲ್, ಒಂದು ಚಿಕ್ಕ ಚೀಲ ಅಕ್ಕಿ ಹಿಡಿದು ಒಬ್ಬನೇ ಕಾಡು ಹೊಕ್ಕ. ಹಾಳು ಬಸ್ಸೊಂದರಲ್ಲಿ ಹತ್ತಿರ ಹತ್ತಿರ ನಾಲ್ಕು ತಿಂಗಳು ಇದ್ದ. ಗುರಿ ಚೆನ್ನಾಗೇ ಇತ್ತು. ಅಳಿಲು, ಮುಳ್ಳುಹಂದಿ, ಹಕ್ಕಿ ಹೊಡೆದ. ಕೊನೆಗೆ ಆ ಚಿಕ್ಕ ರೈಫಲ್ಲಿನಲ್ಲೇ ಒಂದು ಮೂಸ್ ಕೆಡವಿದ. ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ ಅದು. ಮಾಂಸ ಕೆಡದ ಹಾಗೆ ಇಡಲು ಬರಲಿಲ್ಲ, ಹುಳ ಬಿತ್ತು. ಸೆಪ್ಟೆಂಬರ್‌ನಲ್ಲಿ ಬೇಟೆಗಾರರು ಆ ಬಸ್ಸಿನಲ್ಲಿ ಅವನ ಹೆಣ ಕಂಡಾಗ ತೂಕ ಸುಮಾರು 30 ಕೆಜಿ. ಮೊಲ, ಅಳಿಲಿನಂಥ ಕೊಬ್ಬಿಲ್ಲದ ಮಾಂಸವನ್ನೇ ತಿನ್ನುತ್ತಾ ಹೋದರೆ ಹೊಟ್ಟೆ ತುಂಬಿದ್ದರೂ ಮನುಷ್ಯ ಸೊರಗುತ್ತಾನೆ. ಇದು ಉತ್ತರದ ಕಾಡಿನವರಿಗೆಲ್ಲ ಗೊತ್ತಿರುವ ವಿಷಯ.

ಇನ್ನು ಕರಡಿ. ಅಲಾಸ್ಕಾದ ಕಂದು ಕರಡಿಗೆ .22 ಹೊಡೆಯುವುದು ಅಂದರೆ ನಮ್ಮ ಸಲಗಕ್ಕೆ ಕಲ್ಲು ಹೊಡೆದ ಹಾಗೆ. ರೈಫಲ್ ಆದರೂ ಅಷ್ಟೇ, ಪಿಸ್ತೂಲು ಆದರೂ ಅಷ್ಟೇ. ಅಲ್ಲಿ ಮೆಣಸಿನ ಖಾರದ ಸ್ಪ್ರೇ ಸಿಗುತ್ತದೆ, ಅದನ್ನು ತಗೋ ಅಂದೆ. ವಿಮಾನದಲ್ಲಿ ಅದನ್ನು ಒಯ್ಯಲು ಬಿಡುವುದಿಲ್ಲ, ಅಲ್ಲಿಗೆ ಹೋದ ಮೇಲೇ ಕೊಳ್ಳಬೇಕು.

ಆಮೇಲೆ ಕೇಳಿದೆ: "ನಿಂದು ಯಾವ ವೀಸಾ?"

"ಎಚ್-1ಬಿ, ಸರ್."

ಅಮೆರಿಕದಲ್ಲಿ ಅಂಗಡಿಯಲ್ಲಿ ಬಂದೂಕು ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ತಾತ್ಕಾಲಿಕ ವೀಸಾದಲ್ಲಿ ಹೋದವನು ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಇಲ್ಲದೆ ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಂಡರೆ ಅದು ಫೆಡರಲ್ ಅಪರಾಧ ಅನ್ನುವುದು ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಿಕ್ಕಿಬಿದ್ದರೆ ಬಂದೂಕಿನ ಜೊತೆ ಹಸಿರು ಕಾರ್ಡಿನ ಆಸೆಯೂ ಹೋಗುತ್ತದೆ. ಕೆನಡಾ ಇನ್ನೂ ಬಿಗಿ. ಅಲ್ಲಿ 2022ರ ಅಕ್ಟೋಬರ್‌ನಿಂದ ಸಾಮಾನ್ಯ ಜನರಿಗೆ ಪಿಸ್ತೂಲು ಮಾರುವುದನ್ನೇ ನಿಲ್ಲಿಸಿದ್ದಾರೆ. ಕಾಡಿಗೆ ಒಯ್ಯುವ ಮಾತು ಬೇಡವೇ ಬೇಡ.

ನಮ್ಮಲ್ಲಂತೂ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಬಂಡೀಪುರಕ್ಕೋ ನಾಗರಹೊಳೆಗೋ ಬಂದೂಕು ಒಯ್ಯುವಂತಿಲ್ಲ. ಮೊಲ ಹೊಡೆದರೂ ಕೇಸು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ ನಿಜ, 2029ರವರೆಗೆ ಅದನ್ನು ಮುಂದುವರಿಸಿದ್ದಾರೆ. ಆ ವಿನಾಯಿತಿ ಅಭಯಾರಣ್ಯದ ಗೇಟಿನವರೆಗೆ. ಉಳಿದವರಿಗೆ ಲೈಸೆನ್ಸ್ ಸಿಕ್ಕರೂ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಟ್ರೆಕ್ಕಿಂಗ್‌ಗೆ ಬೇಕು ಅಂತ ಬೆಂಗಳೂರಿನ ಕಮಿಷನರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ನೋಡಿ, ಗುಮಾಸ್ತರಿಗೆ ಒಂದು ವಾರ ನಗಲು ಸಾಮಗ್ರಿ ಸಿಗುತ್ತದೆ.

ಹುಡುಗ ಜುಲೈನಲ್ಲಿ ಅಲಾಸ್ಕಾಕ್ಕೆ ಹೋಗಿ ಬಂದ. ಬಂದೂಕು ಒಯ್ಯಲಿಲ್ಲ. ಸ್ಪ್ರೇ ಕೊಂಡ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬಾಡಿಗೆಗೆ ತಗೊಂಡ. ಕರಡಿ ಕಂಡಿತಂತೆ, ಹೊಳೆಯಾಚೆ, ತನ್ನ ಪಾಡಿಗೆ ಮೀನು ಹಿಡಿಯುತ್ತಿತ್ತಂತೆ. ಡಿಸೆಂಬರ್‌ನಲ್ಲಿ ಊರಿಗೆ ಬಂದವನು ನೇರ ರೇಂಜಿಗೇ ಬಂದ. "ಸರ್, ಒಂದ್ಸಲ ಪಿಸ್ತೂಲಲ್ಲಿ ನೋಡೇ ಬಿಡ್ತೀನಿ" ಅಂದ. ಬಿಲ್ಲೆ ಕತ್ತರಿಸಿ ಕಟ್ಟಿದೆ. ಹತ್ತು ಗುಂಡಿಗೆ ಮೂರು ಬಿದ್ದವು. ಇನ್ನೊಂದು ಡಬ್ಬಿ ಕೊಡಿ ಅಂದ.