ತೈಚಿ ಕಲಿಯಲು ದಾವೋ ಮತವನ್ನು ನಂಬಲೇಬೇಕೆ?

ಪ್ರಶ್ನೆ: ಚೀನಾದ ಸಮರಕಲೆ ತೈಚಿಯ ತರಗತಿಗೆ ಸೇರಬೇಕೆಂದಿದ್ದೇನೆ. ಅದರಲ್ಲಿ ಅಧ್ಯಾತ್ಮ, ನೀತಿ ಎಲ್ಲ ಅಡಗಿದೆ ಎನ್ನುತ್ತಾರೆ. ನನಗೆ ನನ್ನದೇ ದೇವರಿದ್ದಾನೆ. ಅಲ್ಲಿನ ದಾವೋ, ಬೌದ್ಧ ಮತಗಳನ್ನು ಒಪ್ಪದಿದ್ದರೆ ಕಲಿಕೆ ಅರ್ಧಂಬರ್ಧವಾಗುತ್ತದೆಯೇ?

ಉತ್ತರ: ಇಲ್ಲ. ಚೀನಾದಲ್ಲೇ ಇದಕ್ಕೆ ಪುರಾವೆ ಇದೆ. ಹೆಬೈ ಪ್ರಾಂತದ ತ್ಸಾಂಗ್‌ಜೌ ಸೀಮೆಯ ಹುಯಿ ಮುಸ್ಲಿಮರು ಬಾಜಿಚುವಾನ್‌ನಂಥ ವರಸೆಗಳನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು. ಅವರಲ್ಲೊಬ್ಬರಾದ ವಾಂಗ್ ಜಿಪಿಂಗ್, 1928ರಲ್ಲಿ ನಾನ್‌ಜಿಂಗ್‌ನಲ್ಲಿ ಶುರುವಾದ ಕೇಂದ್ರ ಸಮರಕಲಾ ಸಂಸ್ಥೆಯಲ್ಲಿ ಶಾವೊಲಿನ್ ವಿಭಾಗದ ಮುಖ್ಯಸ್ಥರಾಗಿದ್ದರು. ವಿಭಾಗಕ್ಕೆ ಬೌದ್ಧ ಮಠದ ಹೆಸರು, ಗುರು ಮುಸ್ಲಿಂ. ತೈಚಿಯ ತವರು ಚೆನ್‌ಜಿಯಾಗೌ ಕೂಡ ಮಠವಲ್ಲ, ಹೆನಾನ್ ಪ್ರಾಂತದ ಒಂದು ಹಳ್ಳಿ.

ದಕ್ಷಿಣ ಭಾರತದ ಬೌದ್ಧ ಭಿಕ್ಷು ಬೋಧಿಧರ್ಮನೇ ಶಾವೊಲಿನ್‌ಗೆ ಕಾದಾಟ ಕಲಿಸಿದ ಎಂಬ ಮಾತು ನಮ್ಮ ಕಡೆ ಜನಪ್ರಿಯ. ಅವನನ್ನು ಹೆಸರಿಸುವ ಆರನೇ ಶತಮಾನದ ಬರಹದಲ್ಲಿ ಕಾದಾಟದ ಸುದ್ದಿಯೇ ಇಲ್ಲ. ಅವನ ಹೆಸರಿಗೆ ಅಂಟಿಸಿದ ವ್ಯಾಯಾಮ ಗ್ರಂಥ 17ನೇ ಶತಮಾನದ್ದು. ಹೆಮ್ಮೆಗೆ ಬೇರೆ ಕಾರಣ ಹುಡುಕಿಕೊಳ್ಳೋಣ.

ಹಾಗಾದರೆ ನೀತಿ ಎಲ್ಲಿದೆ? ಮೊದಲ ದಿನ ಕಲಿಸುವ ನಮಸ್ಕಾರದಲ್ಲಿ ಸ್ವಲ್ಪ ಇದೆ. ಬಲಗೈ ಮುಷ್ಟಿ, ಅದರ ಮೇಲೆ ಎಡಗೈ ಅಂಗೈ. ಎಡಗೈಯ ನಾಲ್ಕು ಬೆರಳು ನೇರ, ಹೆಬ್ಬೆರಳು ಮಡಚಿರಬೇಕು. ಎದೆಯಿಂದ 20–30 ಸೆಂ.ಮೀ. ಮುಂದೆ ಹಿಡಿದು ಎದುರಿನವರ ಮುಖ ನೋಡಬೇಕು. ಕೈ ಅದಲುಬದಲು ಮಾಡಬೇಡಿ: ಚೀನೀ ರೂಢಿಯಲ್ಲಿ ಗಂಡಸರು ಬಲಗೈಯನ್ನು ಹೊರಗಿಟ್ಟು ಕೈಮುಗಿಯುವುದು ಸಾವಿನ ಮನೆಯಲ್ಲಿ. ಇದು ಪೂಜೆಯಲ್ಲ, ಎದುರಿಗಿರುವವರಿಗೆ ಕೊಡುವ ಮರ್ಯಾದೆ.

ನಿಜವಾದ ಪರೀಕ್ಷೆ ನಡೆಯುವುದು ತುಯ್‌ಶೌನಲ್ಲಿ, ಅಂದರೆ ಇಬ್ಬರು ಕೈಗೆ ಕೈ ತಾಗಿಸಿ ತಳ್ಳಾಡುವ ಅಭ್ಯಾಸದಲ್ಲಿ. ಒಂದೇ ಕೈಯಿಂದ ಶುರು ಮಾಡಿ. ಇಬ್ಬರೂ ಬಲಗಾಲು ಮುಂದಿಟ್ಟು, ಬಲ ಮಣಿಕಟ್ಟುಗಳ ಹೊರಬದಿ ತಾಗಿಸಿ ನಿಲ್ಲಿ. ಒಬ್ಬರು ಎದುರಿನವರ ಎದೆಯ ಕಡೆಗೆ ನಿಧಾನವಾಗಿ ಒತ್ತಬೇಕು. ಇನ್ನೊಬ್ಬರು ತೂಕವನ್ನು ಹಿಂಗಾಲಿಗೆ ಬಿಟ್ಟು, ಸೊಂಟ ತಿರುಗಿಸಿ ಆ ಒತ್ತಡವನ್ನು ಪಕ್ಕಕ್ಕೆ ಹಾಯಿಸಿ, ಅದೇ ವೃತ್ತದಲ್ಲಿ ಮರಳಿ ಒತ್ತಬೇಕು. ಐದು ನಿಮಿಷದ ನಂತರ ಕೈ, ಕಾಲು ಎರಡನ್ನೂ ಬದಲಿಸಿ.

ಹಳಬರು ಇದರಲ್ಲಿ ನಾಲ್ಕು ದೋಷ ಎಣಿಸುತ್ತಾರೆ: ಒತ್ತಡಕ್ಕೆ ಎದುರು ಗುದ್ದುವುದು, ಕುಸಿದು ಚಪ್ಪಟೆಯಾಗುವುದು, ಸ್ಪರ್ಶ ಕಳೆದುಕೊಳ್ಳುವುದು, ಬಿಗಿಹಿಡಿದು ತಡೆಯುವುದು. ಗುದ್ದುವುದೂ ತಡೆಯುವುದೂ ಸೋಲಿನ ಹೆದರಿಕೆಯಿಂದ. ಭುಜ ಕಿವಿಯತ್ತ ಏರಿದ್ದರೆ ಅದೇ ಸುಳಿವು. ಕುಸಿಯುವುದನ್ನು ವಿನಯ ಎಂದು ತಿಳಿಯುವ ಸಭ್ಯರು ತುಂಬ ಮಂದಿ. ಆದರೆ ಒತ್ತಲು ಏನೂ ಸಿಗದಿದ್ದರೆ ಜೊತೆಗಾರರು ಏನನ್ನೂ ಕಲಿಯುವುದಿಲ್ಲ. ಗೆಲ್ಲುವ ಹಟ ಬಿಟ್ಟು ಎದುರಿನವರ ಚಲನೆಯನ್ನು ಹಿಂಬಾಲಿಸುವುದೇ ಇಲ್ಲಿನ ಸಾಧನೆ. ಪುಸ್ತಕ ಓದಿ ಅದು ಬರುವುದಿಲ್ಲ, ನಂಬಿಕೆಯಿಂದಲೂ ಬರುವುದಿಲ್ಲ. ಅವರ ಸಮತೋಲ ತಪ್ಪಿದ ಕ್ಷಣ ನಿಮಗೆ ಗೊತ್ತಾಗಿಯೇ ಆಗುತ್ತದೆ. ಆಗ ಕೆಡವದೆ ಅಲ್ಲಿಗೇ ನಿಲ್ಲಿಸಬೇಕು. ಕೀಲು ತಿರುಚುವ ಪಟ್ಟಿನಲ್ಲೂ ಅಷ್ಟೇ: ಅವರು ಸಾಕೆಂದು ಕೈ ತಟ್ಟಿದೊಡನೆ ಬಿಡಬೇಕು.

ಮಂಡಿ ತುಸು ಬಗ್ಗಿಸಿ ಅಲುಗಾಡದೆ ನಿಲ್ಲುವ ಅಭ್ಯಾಸದ ಸುತ್ತ ಇರುವಷ್ಟು ಭ್ರಮೆ ಬೇರೆಲ್ಲೂ ಇಲ್ಲ. ತೊಡೆ ನಡುಗಿದರೆ ಅದು ಮೈಯೊಳಗೆ ಹರಿಯುತ್ತದೆ ಎನ್ನುವ ‘ಚೀ’ ಎಂಬ ಪ್ರಾಣಶಕ್ತಿ ಎದ್ದದ್ದಲ್ಲ, ಸ್ನಾಯು ದಣಿದದ್ದು. ಮೊದಲಿಗೆ ಮೂರರಿಂದ ಐದು ನಿಮಿಷ ಸಾಕು. ಮಂಡಿ ಕಾಲ್ಬೆರಳಿನಾಚೆ ಹೋಗದಿರಲಿ, ಪೂರ್ತಿ ಸೆಟೆದೂ ನಿಲ್ಲದಿರಲಿ, ಉಸಿರು ಹಿಡಿಯಬೇಡಿ. ತಲೆ ಸುತ್ತಿದರೆ, ಮಂಡಿ ನೋಯಲು ಶುರುವಾದರೆ ನಿಲ್ಲಿಸಿ.

ಕೆಲವು ಪರಂಪರೆಗಳಲ್ಲಿ ಶಿಷ್ಯರಾಗಿ ಸ್ವೀಕರಿಸುವಾಗ ಮಂಡಿಯೂರಿ ಗುರುವಿಗೆ ಚಹಾ ಕೊಡುವ ಶಾಸ್ತ್ರವಿದೆ. ಸಾಮಾನ್ಯ ತರಗತಿಗೆ ಅದು ಬೇಕಿಲ್ಲ; ನಿಮ್ಮ ಶ್ರದ್ಧೆಗೆ ಒಗ್ಗದಿದ್ದರೆ ಮೊದಲೇ ಹೇಳಿ. ಮುಟ್ಟದೆಯೇ ಕೆಡವುತ್ತೇನೆ ಎನ್ನುವವರ ಬಳಿ ದುಡ್ಡು ಕಟ್ಟಬೇಡಿ. ಸೇರುವ ಮೊದಲು ಒಂದು ತುಯ್‌ಶೌ ತರಗತಿಯನ್ನು ಕೂತು ನೋಡಿ: ಗುರು ತೀರಾ ಹೊಸಬರನ್ನು ಎಷ್ಟು ಜೋರಾಗಿ ತಳ್ಳುತ್ತಾರೆ ಎಂಬುದನ್ನು ಗಮನಿಸಿ.