‘ನರ’ ಎಂಬ ಹೆಸರಿನಡಿ ಮರೆಯಾಗುವ ಗಾಯ: ತೊಡೆಯ ಹಿಂದಿನ ರಜ್ಜುವಿನ ಹಿನ್ನೆಲೆ

ಕಲಬುರಗಿಯ ಹಳೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲಿನ ಹಾಸು. ವರ್ಷಗಟ್ಟಲೆ ತುಳಿದು ನುಣುಪಾದ ಆ ಕಲ್ಲಿನ ಮೇಲೆ ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ. ನನ್ನ ಸೋದರಮಾವ ಒಂದು ಬೆಳಗ್ಗೆ ಅಂಗಳದಲ್ಲಿ ಹಾಗೆಯೇ ಜಾರಿದರು. ಬಲಗಾಲು ಮಂಡಿ ಮಡಿಯದೆ ನೆಟ್ಟಗೆ ಮುಂದಕ್ಕೆ ಸರಿಯಿತು, ಮೈ ಅದರ ಮೇಲೆ ಬಾಗಿತು, ಪೃಷ್ಠದ ಕೆಳಗೆ ಹಗ್ಗ ಹರಿದಂತೆ ‘ಟಪ್’ ಎಂದಿತು. ಎಕ್ಸ್‌ರೇಯಲ್ಲಿ ಎಲುಬು ಸರಿಯಾಗಿತ್ತು. ನರ ಹಿಡಿದಿದೆ ಎಂದು ಎಣ್ಣೆ ಹಚ್ಚಿ ತಿಕ್ಕಿಸಿದೆವು. ಐದನೆಯ ದಿನ ತೊಡೆಯ ಹಿಂಭಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಆಮೇಲೆ ಆ ಕಪ್ಪು ಮೀನಖಂಡದವರೆಗೂ ಇಳಿಯಿತು. ಅಂಗಡಿಯ ಗಲ್ಲೆಯ ಮುಂದೆ ಅವರು ಒಂದೇ ಪಕ್ಕಕ್ಕೆ ಭಾರ ಹಾಕಿ ಕೂರತೊಡಗಿದರು. ಹರಿದದ್ದು ನರವಲ್ಲ, ಮಾಂಸಖಂಡವನ್ನು ಎಲುಬಿಗೆ ಕಟ್ಟುವ ರಜ್ಜು ಎಂದು ಎಂಆರ್‌ಐ ಹೇಳುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು.

ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಮಂಡಿರಜ್ಜು ಅಥವಾ ಹ್ಯಾಮ್‌ಸ್ಟ್ರಿಂಗ್ ಎಂದು ಕಾಣುವುದು ಒಂದೇ ತಂತುವಲ್ಲ, ಮೂರು ಮಾಂಸಖಂಡಗಳ ಗುಂಪು. ಒಳಬದಿಗೆ ಸೆಮಿಟೆಂಡಿನೋಸಸ್ ಮತ್ತು ಸೆಮಿಮೆಂಬ್ರನೋಸಸ್, ಹೊರಬದಿಗೆ ಎರಡು ತಲೆಗಳ ಬೈಸೆಪ್ಸ್ ಫೀಮೊರಿಸ್. ಬೈಸೆಪ್ಸಿನ ಚಿಕ್ಕ ತಲೆ ತೊಡೆಯ ಎಲುಬಿನಿಂದ ಹೊರಡುತ್ತದೆ. ಉಳಿದೆಲ್ಲವೂ ನಾವು ಕೂತಾಗ ನೆಲಕ್ಕೆ ಒತ್ತುವ ಕೂರೆಲುಬಿನಿಂದಲೇ ಹುಟ್ಟಿ, ಮಂಡಿ ದಾಟಿ ಮೊಣಕಾಲಿನ ಕೆಳಗೆ ಸೇರುತ್ತವೆ. ಹೀಗೆ ಸೊಂಟದ ಕೀಲು ಮತ್ತು ಮಂಡಿ ಎರಡನ್ನೂ ದಾಟುವುದರಿಂದಲೇ ಇವುಗಳಿಗೆ ಅಪಾಯ ಹೆಚ್ಚು: ಸೊಂಟ ಬಾಗಿ ಮಂಡಿ ನೆಟ್ಟಗಾದಾಗ ಎರಡೂ ತುದಿಗಳಿಂದ ಏಕಕಾಲಕ್ಕೆ ಜಗ್ಗಿದಂತಾಗುತ್ತದೆ. ಓಟಗಾರರಿಗೆ ಕಾಲು ಮುಂದೆ ಚಾಚಿ ನೆಲ ಮುಟ್ಟುವ ಮುಂಚಿನ ಕ್ಷಣದಲ್ಲಿ ಸಾಮಾನ್ಯವಾಗಿ ಬೈಸೆಪ್ಸಿನ ಉದ್ದ ತಲೆಗೆ ಪೆಟ್ಟಾಗುತ್ತದೆ, ಮತ್ತು ಅಂಥ ಬಹುಪಾಲು ಗಾಯಗಳು ಮಾಂಸದೊಳಗಿನವಾದ್ದರಿಂದ ಚಾಕು ಮುಟ್ಟಿಸದೆಯೇ ಮಾಯುತ್ತವೆ. ಬೋನಸ್ ಗೆರೆ ದಾಟಲು ಕಾಲು ಚಾಚಿದ ಕಬಡ್ಡಿ ಆಟಗಾರನ ಹಿಮ್ಮಡಿಯನ್ನು ಎದುರಾಳಿ ಹಿಡಿದೆಳೆದಾಗ, ಮಳೆಗೆ ನೆನೆದ ಎರೆಹೊಲದ ಬದುವಿನಲ್ಲಿ ರೈತನ ಕಾಲು ಜಾರಿದಾಗ ಆಗಬಹುದಾದದ್ದು ಬೇರೆ: ರಜ್ಜು ಬುಡಸಮೇತ ಎಲುಬಿನಿಂದ ಕಿತ್ತುಬರುತ್ತದೆ. ಹದಿಹರೆಯದವರಲ್ಲಿ ಕೂರೆಲುಬು ಇನ್ನೂ ಪೂರ್ತಿ ಬೆಸೆದಿರದ ಕಾರಣ ಎಲುಬಿನ ಚೂರೇ ಕಳಚಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಹರಿಯುವುದು ರಜ್ಜು ಮಾತ್ರ, ಎಕ್ಸ್‌ರೇ ಅದನ್ನು ತೋರಿಸುವುದಿಲ್ಲ.

ಎಲ್ಲವನ್ನೂ ನರ ಎಂದು ಕರೆಯುವ ನಮ್ಮ ಭಾಗದ ಮಾತನ್ನು ಬರೀ ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ಗೊಂದಲಕ್ಕೆ ಎರಡು ಸಾವಿರ ವರ್ಷಗಳ ವಯಸ್ಸಾಗಿದೆ. ಗ್ರೀಕರ ‘ನ್ಯೂರಾನ್’ ಎಂಬ ಪದ ರಜ್ಜುವಿಗೂ ಸಲ್ಲುತ್ತಿತ್ತು, ನರಕ್ಕೂ ಸಲ್ಲುತ್ತಿತ್ತು. ರಜ್ಜುವಿನಲ್ಲಿ ನರದ ಅಂಶವಿದೆಯೆಂದು ನಂಬಿದ್ದ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್, ಅದನ್ನು ಹೊಲಿದರೆ ಸೆಳವು ಬರುತ್ತದೆಂದು ಎಚ್ಚರಿಸಿದ. ಆ ಭಯ ಯುರೋಪಿನ ಶಸ್ತ್ರವೈದ್ಯರ ಕೈಯನ್ನು ಶತಮಾನಗಳ ಕಾಲ ಕಟ್ಟಿಹಾಕಿತು. ನಿಜಾಮರ ಕಾಲದಿಂದ ನಮ್ಮ ಊರುಗಳ ಹಕೀಮರು ಯಾರ ವೈದ್ಯಪದ್ಧತಿಯನ್ನು ಅನುಸರಿಸಿಕೊಂಡು ಬಂದರೋ ಆ ಪರ್ಷಿಯಾದ ವೈದ್ಯ ಇಬ್ನ್ ಸೀನಾ, ಕಡಿದ ರಜ್ಜುವನ್ನು ಹೊಲಿಯಬಹುದೆಂದು ಹೇಳಿದ ಮೊದಲಿಗರಲ್ಲಿ ಒಬ್ಬನೆಂದು ವೈದ್ಯಕೀಯ ಇತಿಹಾಸಕಾರರು ಗುರುತಿಸುತ್ತಾರೆ. 1752ರಲ್ಲಿ ಸ್ವಿಸ್ ವಿಜ್ಞಾನಿ ಆಲ್ಬ್ರೆಕ್ಟ್ ಫಾನ್ ಹಾಲರ್ ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ, ರಜ್ಜುವನ್ನು ಚುಚ್ಚಿದರೂ ನೋವಿನ ಲಕ್ಷಣ ಕಾಣುವುದಿಲ್ಲವೆಂದು ಮಂಡಿಸಿದ ಮೇಲೆ ಹಳೆಯ ಭಯ ಸಡಿಲಗೊಂಡಿತು.

ಸುಶ್ರುತ ಸಂಹಿತೆಯಲ್ಲಿ ಈ ವಿಂಗಡಣೆ ಬಹಳ ಹಿಂದೆಯೇ ನಡೆದಿತ್ತು. ಅಲ್ಲಿ 500 ಪೇಶಿಗಳು, ಅಂದರೆ ಮಾಂಸಖಂಡಗಳು ಬೇರೆ, 900 ಸ್ನಾಯುಗಳು ಬೇರೆ. ಸ್ನಾಯು ಎಂದರೆ ಕಟ್ಟುವ ತಂತು. ಹಲಗೆಗಳನ್ನು ಹಗ್ಗಗಳಿಂದ ಬಿಗಿದ ದೋಣಿ ನೀರಿನ ಮೇಲೆ ಭಾರ ಹೊರುವಂತೆ ದೇಹವೂ ಸ್ನಾಯುಗಳಿಂದ ಭಾರ ತಾಳುತ್ತದೆ, ಎಲುಬಿಗೆ ಪೆಟ್ಟಾಗುವುದಕ್ಕಿಂತ ಸ್ನಾಯುವಿಗೆ ಪೆಟ್ಟಾಗುವುದು ಘಾತಕ ಎಂದು ಸುಶ್ರುತ ಹೇಳುತ್ತಾನೆ. ಇಂದಿನ ಕನ್ನಡದಲ್ಲಿ ಸ್ನಾಯು ಮಾಂಸಖಂಡವಾಗಿದೆ. ಕಟ್ಟುವ ತಂತುವಿಗೆ ಆಡುಮಾತಿನಲ್ಲಿ ‘ನರ’ವೊಂದೇ ಉಳಿದಿದೆ.

ಕೂರೆಲುಬಿನಿಂದ ಕಿತ್ತ ರಜ್ಜುವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಮಾತ್ರ ತೀರಾ ಇತ್ತೀಚಿನದು. 1988ರಲ್ಲಿ ಜಪಾನಿನ ವೈದ್ಯರು ಕೇವಲ ಇಬ್ಬರು ರೋಗಿಗಳ ಬಗ್ಗೆ ಬರೆದರು. 1996ರಲ್ಲಿ ಅಮೆರಿಕದಿಂದ, ನೀರಿನ ಮೇಲೆ ಸ್ಕೀ ಆಡುವಾಗ ಗಾಯಗೊಂಡ 12 ಜನರ ವರದಿ ಬಂತು. 2008ರಲ್ಲಿ ಆಸ್ಟ್ರೇಲಿಯಾದ ವೈದ್ಯರು 72 ಜೋಡಣೆಗಳ ಅನುಭವವನ್ನು ಪ್ರಕಟಿಸಿದರು.

ರೋಗಿಯನ್ನು ಬೋರಲು ಮಲಗಿಸಿ ಪೃಷ್ಠದ ಮಡಿಕೆಯಲ್ಲಿ ಕೊಯ್ದು, ಮೇಲಿನ ದೊಡ್ಡ ಮಾಂಸಖಂಡವನ್ನು ಎತ್ತಿ, ಹೆಪ್ಪುಗಟ್ಟಿದ ರಕ್ತ ತೆಗೆಯುತ್ತಾರೆ. ಅನಂತರ ಸೊಂಟದಿಂದ ಕಾಲಿಗೆ ಇಳಿಯುವ ದಪ್ಪ ಸಯಾಟಿಕ್ ನರವನ್ನು ಗುರುತಿಸಿ ಕಾಪಾಡಬೇಕು. ಅದು ಕೂರೆಲುಬಿನಿಂದ ಸುಮಾರು ಒಂದೂಕಾಲು ಸೆಂಟಿಮೀಟರ್ ದೂರದಲ್ಲಷ್ಟೇ ಹಾದುಹೋಗುತ್ತದೆ. ಎಲುಬನ್ನು ಕೆರೆದು ಹಸಿಮಾಡಿ, ದಾರ ಪೋಣಿಸಿದ ಸಣ್ಣ ಆ್ಯಂಕರ್‌ಗಳನ್ನು (ಎಲುಬಿಗೆ ಕಚ್ಚಿ ನಿಲ್ಲುವ ಗೂಟಗಳನ್ನು) ಅದರೊಳಗೆ ಕೂರಿಸಿ, ಮಂಡಿ ಮಡಿಸಿಟ್ಟು ರಜ್ಜುವನ್ನು ಮೂಲ ಜಾಗಕ್ಕೆ ಬಿಗಿಯುತ್ತಾರೆ. ಮೊದಲ ಕೆಲವು ವಾರಗಳಲ್ಲಿ ಇದು ಸುಲಭ. ತಿಂಗಳುಗಳು ಉರುಳಿದರೆ ರಜ್ಜು ಕೆಳಗೆ ಕುಗ್ಗಿ, ಗಾಯದ ಕಲೆ ಸಯಾಟಿಕ್ ನರಕ್ಕೆ ಅಂಟಿಕೊಳ್ಳುತ್ತದೆ. ಆಗ ಮೊದಲು ನರವನ್ನು ಬಿಡಿಸಬೇಕು, ಕೆಲವೊಮ್ಮೆ ದಾನಿಯ ರಜ್ಜು ಸೇರಿಸಿ ಉದ್ದ ಹೆಚ್ಚಿಸಬೇಕು. ಮಾವನ ಕಾಲಿನಲ್ಲಿ ಆಗಿದ್ದೂ ಇದೇ. ಮೊದಲ ದಿನ ಇಲ್ಲದ ನರದ ತೊಂದರೆ ಮೂರು ತಿಂಗಳ ನಿರ್ಲಕ್ಷ್ಯದಿಂದ ನಿಜವಾಗಿಯೇ ಹುಟ್ಟಿತು.

ಮೂರೂ ರಜ್ಜುಗಳು ಕಿತ್ತಿದ್ದರೆ, ಇಲ್ಲವೇ ಎರಡು ಕಿತ್ತು 2 ಸೆಂಟಿಮೀಟರಿಗಿಂತ ಹೆಚ್ಚು ಕೆಳಗೆ ಸರಿದಿದ್ದರೆ ಶಸ್ತ್ರಚಿಕಿತ್ಸೆ ಎಂಬುದು ಬಹುಕಾಲದ ಸಲಹೆ. ಆದರೆ ಸ್ವೀಡನ್ ಮತ್ತು ನಾರ್ವೆಯಲ್ಲಿ 30ರಿಂದ 70 ವಯಸ್ಸಿನವರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಎರಡು ವರ್ಷಗಳ ನಂತರ ವ್ಯಾಯಾಮದಿಂದಲೇ ಚೇತರಿಸಿಕೊಂಡವರ ಸ್ಥಿತಿ ಶಸ್ತ್ರಚಿಕಿತ್ಸೆ ಪಡೆದವರಿಗಿಂತ ಕಡಿಮೆಯೇನೂ ಇರಲಿಲ್ಲ. ಇದರಿಂದ ಮಧ್ಯವಯಸ್ಸಿನವರಿಗೆ ಆಯ್ಕೆಯೊಂದು ತೆರೆದಿದೆ. ಆದರೆ ಆಯ್ದುಕೊಳ್ಳಲು ಮೊದಲು ಗಾಯ ಯಾವುದೆಂದು ಗೊತ್ತಾಗಬೇಕು. ಹರಿದ ಸದ್ದು, ಕೂರಲಾಗದ ನೋವು, ಕೆಲ ದಿನಗಳಲ್ಲಿ ಕೆಳಗಿಳಿಯುವ ಕಪ್ಪು, ಈ ಮೂರು ಸೇರಿದರೆ ತಿಕ್ಕುವುದನ್ನು ನಿಲ್ಲಿಸಿ ಮೂಳೆತಜ್ಞರ ಬಳಿ ಎಂಆರ್‌ಐ ಬಗ್ಗೆ ಕೇಳಲೇಬೇಕು.

ಜೋಡಣೆಯಾದ ಮೇಲೆ ಸುಮಾರು ಆರು ವಾರ ಊರುಗೋಲು, ಸೊಂಟ ಹೆಚ್ಚು ಬಾಗದಂತೆ ಎಚ್ಚರ. ವಿದೇಶದಲ್ಲಿ ಬರೆದ ಈ ನಿಯಮಗಳು ಕುರ್ಚಿಯಲ್ಲಿ ಕೂರುವವರನ್ನು ಗಮನದಲ್ಲಿಟ್ಟವು. ನಮ್ಮಲ್ಲಿ ಊಟ ನೆಲದ ಮೇಲೆ, ಶೌಚ ಕುಕ್ಕರಗಾಲಿನಲ್ಲಿ. ಬಿಡುಗಡೆಯ ಚೀಟಿಯಲ್ಲಿ ‘ಕಮೋಡ್ ಕುರ್ಚಿ ಬಳಸಿ, ನೆಲಕ್ಕೆ ಕೂರಬೇಡಿ’ ಎಂದು ಕನ್ನಡದಲ್ಲಿ ಎರಡು ಸಾಲು ಬರೆದುಕೊಟ್ಟರೆ ಬಿಗಿದ ದಾರಗಳ ಮೇಲೆ ಅಷ್ಟು ಎಳೆತ ತಪ್ಪುತ್ತದೆ.